ಶೇಂಗಾ ಅಂದರೆ ಗೋಲು

ಮೊನ್ನೆ ಚಳಿ ಶುರುವಾಯಿತೆಂದು ಮಂಚದಡಿಯ ಸೂಟ್‌ಕೇಸಿನಿಂದ ದಪ್ಪ ಜಾಕೆಟ್ಟನ್ನು ಹೊರಗೆಳೆದೆ. ಬಸ್ ಕಾರ್ಡು ಸಿಗುತ್ತದೇನೋ ಎಂದು ಜೇಬಿಗೆ ಕೈ ಹಾಕಿದರೆ ಬೆರಳ ತುದಿಗೆ ಅರಿಶಿನ ಹತ್ತಿತು. ಜೇಬಿನ ಮೂಲೆಯಲ್ಲಿ ಒಂದಿಷ್ಟು ಚುರುಮುರಿ ಮೆತ್ತಗಾಗಿ ಕೂತಿತ್ತು. ಲೈನಿಂಗಿನ ತೂತಿನಿಂದ ಕೆಳಗೆ ಜಾರಿದ ಏನೋ ಒಂದು ಗಟ್ಟಿ ಕಾಳು ಅಂಚಿನಲ್ಲಿ ಸಿಕ್ಕಿಕೊಂಡು, ಒತ್ತಿದರೆ ಬೆರಳಿಗೆ ಸಿಗುತ್ತಿತ್ತು. ಜೇಬನ್ನು ಮೂಗಿಗೆ ಹಿಡಿದೆ. ಬೆಳ್ಳುಳ್ಳಿ, ಇಂಗು, ಹುರಿದ ಕರಿಬೇವು, ಅದರ ಹಿಂದೆಯೇ ಐಸ್ ರಿಂಕಿನ ತಣ್ಣನೆಯ ರಬ್ಬರ್ ವಾಸನೆ... ನನ್ನ ರೂಮ್‌ಮೇಟ್ ಬಾಗಿಲಲ್ಲಿ ನಿಂತು, "ಏನೋ, ಜಾಕೆಟ್ ಮೂಸ್ತಾ ಇದ್ದೀಯ? ಮನೆಗೆ ಫೋನ್ ಮಾಡ್ಲಾ?" ಅಂದ. ಅವನಿಗೆ ಏನಂತ ಹೇಳಲಿ. ಕಾಕೂ ನೆನಪಾದರು ಅಂದರೆ ಅವನಿಗೆ ಕಾಕೂ ಗೊತ್ತಿಲ್ಲ.

ಕಾಕೂ ಅಂದರೆ ಧಾರವಾಡದ ಕಡೆ ಚಿಕ್ಕಮ್ಮ. ಇವರು ನನ್ನ ಚಿಕ್ಕಮ್ಮನಲ್ಲ, ವಿಟ್ಬಿಯಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮೇಲಿನ ಮನೆಯವರು. ಆಗಲೇ ಎಪ್ಪತ್ತು ದಾಟಿದ್ದರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಕಾಕೂ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ಜೀವಮಾನವಿಡೀ ಜನರನ್ನು ಮಲಗಿಸಿದ್ದರು. ಆ ಪಾಪ ಕಳೆದುಕೊಳ್ಳಲೋ ಏನೋ, ನಿವೃತ್ತರಾದ ಮೇಲೆ ಮನೆಯಲ್ಲಿ ಯಾರನ್ನೂ ಏಳು ಗಂಟೆಯ ಮೇಲೆ ಮಲಗಲು ಬಿಡುತ್ತಿರಲಿಲ್ಲ.

ನಾನು ತುಮಕೂರಿನಿಂದ ಈ ಹಿಮದ ದೇಶಕ್ಕೆ ಸಪ್ಲೈ ಚೈನ್ ಓದಲು ಬಂದವನು. ನನ್ನ ಕಾಲೇಜು ಒಂದು ಪ್ಲಾಜಾದ ಎರಡನೆಯ ಮಹಡಿಯಲ್ಲಿತ್ತು. ಕೆಳಗೆ ಹಲ್ಲಿನ ಡಾಕ್ಟರು, ಪಕ್ಕದಲ್ಲಿ ಪಿಜ್ಜಾ ಅಂಗಡಿ. ಮೈದಾನದ ಮಾತು ಬಿಡಿ, ಕಾಲೇಜಿಗೆ ಸ್ವಂತದ ಬಾಗಿಲೂ ಇರಲಿಲ್ಲ. ಹಲ್ಲುನೋವಿನವರ ಜೊತೆ ಒಂದೇ ಲಿಫ್ಟಿನಲ್ಲಿ ಮೇಲೆ ಹೋಗಬೇಕಿತ್ತು. ನಮ್ಮ ಕಾಲೇಜಿನಲ್ಲಿ ಇದ್ದ ಒಂದೇ ಕ್ರೀಡೆ ಬಸ್ಸಿನ ಹಿಂದೆ ಓಡುವುದು. ಅದರಲ್ಲೂ ನಾನು ಎಕ್ಸ್‌ಟ್ರಾ ಪ್ಲೇಯರ್.

ರೂಮು ನೋಡಲು ಹೋದ ದಿನ ಕಾಕೂ ಬಾಗಿಲಲ್ಲೇ ನಿಲ್ಲಿಸಿ ಸಂದರ್ಶನ ಮಾಡಿದರು.

"ಆಂಟಿ, ರೂಮ್ ನೋಡೋಣ ಅಂತ ಬಂದೆ."

"ಆಂಟಿ ಗೀಂಟಿ ಅನಬ್ಯಾಡ. ಕಾಕೂ ಅನ್ನು. ಗಾಡಿ ಹೊಡೀಲಿಕ್ಕೆ ಬರ್ತದೇನು?"

"ಬರತ್ತೆ."

"ಶನಿವಾರ ಮಧ್ಯಾಹ್ನ ಶಿಫ್ಟ್ ಇರ್ತದೇನು?"

"ಇಲ್ಲ ಕಾಕೂ."

"ಹಂಗಾರ ರೂಮ್ ಭಾಳ ಛಲೋ ಅದ. ನೋಡೂದೇನು ಬ್ಯಾಡ, ಸಾಮಾನು ತಂದುಬಿಡು."

ಮೊದಲ ಶನಿವಾರ "ಎರಡಕ್ಕ ತಯಾರಾಗು, ಹೋಗೂದದ" ಅಂದರು. ವಯಸ್ಸಾದವರು, ಶನಿವಾರ, ಜೊತೆಗೆ ಒಬ್ಬ ಹುಡುಗ ಬೇಕು... ನಾನು ದೇವಸ್ಥಾನವೇ ಇರಬೇಕೆಂದು ತೀರ್ಮಾನಿಸಿದೆ. ಮನೆ ಓನರಿನ ಮುಂದೆ ಒಳ್ಳೆಯ ಹುಡುಗನೆನಿಸಿಕೊಳ್ಳುವ ಆಸೆ ಬೇರೆ. ಸ್ನಾನ ಮಾಡಿ, ವಿಭೂತಿ ಇಟ್ಟು, ತೆಳುವಾದ ಬಿಳಿ ಜುಬ್ಬಾದ ಮೇಲೊಂದು ಶಾಲು ಹೊದ್ದು ಗಾಡಿ ಹತ್ತಿದೆ. ಕಾಕೂ ನನ್ನ ಕಡೆ ತಿರುಗಿ, ಸೀಟ್ ಬೆಲ್ಟ್ ಎಳೆದುಕೊಂಡರು. ಒಶಾವಾದ ಆ ದೊಡ್ಡ ಕಟ್ಟಡದ ಒಳಗೆ ಹೋದರೆ ಎದುರಿಗೆ ಗರ್ಭಗುಡಿಯ ಬದಲು ಒಂದು ಎಕರೆ ಐಸು. ಹೆಲ್ಮೆಟ್ ಹಾಕಿದ ಹುಡುಗಿಯರು ಕೋಲು ಹಿಡಿದು ಸುತ್ತುತ್ತಿದ್ದರು. ನನ್ನ ಹಲ್ಲುಗಳು ಕಟಕಟ ಬಡಿಯತೊಡಗಿದವು. ಹಿಂದೆ ಕೂತಿದ್ದ ಹುಡುಗರು ನನ್ನನ್ನು ಯಾವುದೋ ತಂಡ ಕರೆತಂದ ಪೂಜಾರಿಯೆಂದು ತಿಳಿದರೋ ಏನೋ, ಬಹಳ ಮರ್ಯಾದೆಯಿಂದ ಸರಿದು ಕಾಲು ಚಾಚಲು ಜಾಗ ಕೊಟ್ಟರು.

ಕಾಕೂ ನಗುತ್ತಲೇ ಬೆಂಚಿನ ಮೇಲೆ ಕೌದಿ ಹಾಸಿದರು. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿ. ಅರ್ಧ ಹಾಸಿ ಉಳಿದರ್ಧವನ್ನು ನನ್ನ ಹೆಗಲಿಗೆ ಹೊದಿಸಿದರು.

"ಬೈಯಂಗಿಲ್ಲ ಬಿಡು. ನಾನೂ ಇಲ್ಲಿಗೆ ಹಿಂಗs ಬಂದಾಕಿ."

ಅವರು ಬಂದದ್ದು ಹೇಗೆಂದರೆ, ಅದೇ ಕಟ್ಟಡದ ಇನ್ನೊಂದು ಬದಿಯ ಹಾಲಿನಲ್ಲಿ ಒಂದು ವರ್ಷ ಕನ್ನಡದವರ ರಾಜ್ಯೋತ್ಸವವಿತ್ತು. ಕೋಸಂಬರಿ ತರುವ ಜವಾಬ್ದಾರಿ ಕಾಕೂವಿನದು. ಗಂಡ ಹೋದ ಮೇಲೆ ಒಬ್ಬರೇ ಹೊರಟ ಮೊದಲ ಕಾರ್ಯಕ್ರಮ. ರೇಷ್ಮೆ ಸೀರೆ ಉಟ್ಟು, ಡಬ್ಬಿ ಹಿಡಿದು ಒಳಗೆ ಬಂದರೆ ಒಂದು ಬಾಗಿಲಿನ ಮೇಲೆ ಹಳದಿ ಕೆಂಪು ಬಾವುಟಗಳು ಸಾಲಾಗಿ ತೂಗುತ್ತಿದ್ದವು. ಯಾವ ಕನ್ನಡಿಗರು ತಾನೇ ಬೇರೆ ಬಾಗಿಲು ಹುಡುಕುತ್ತಾರೆ? ಒಳಗೆ ನೋಡಿದರೆ ಅರ್ಧಕ್ಕರ್ಧ ಸೀಟು ಖಾಲಿ. ನಮ್ಮವರ ಕಾರ್ಯಕ್ರಮ ಅಂದ ಮೇಲೆ ಒಂದು ತಾಸು ತಡವಾಗುವುದು ಇದ್ದದ್ದೇ ಎಂದು ಕೂತರು. ಸ್ಟೇಜಿಗೆ ಯಾಕೆ ಇಷ್ಟು ಐಸು ಹಾಕಿದ್ದಾರೆ ಎಂದು ಒಮ್ಮೆ ಅನ್ನಿಸಿತಂತೆ. ಈಗಿನ ಹುಡುಗರು ಡಾನ್ಸಿಗೆ ಏನೇನೋ ಮಾಡುತ್ತಾರೆ ಎಂದು ಸುಮ್ಮನಾದರು. ಎಲ್ಲರೂ ಎದ್ದು ನಿಂತಾಗ ಪ್ರಾರ್ಥನೆಯೆಂದು ತಾವೂ ಎದ್ದರು. ಆಮೇಲೆ ಹುಡುಗಿಯರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯತೊಡಗಿದಾಗಲೇ ಸಂಶಯ ಬಂದದ್ದು.

ಆದರೂ ಎದ್ದು ಹೋಗಲಿಲ್ಲ. ಅವರ ಮುಂದಿನ ಗಾಜಿನ ಆಚೆ ಗೋಲು ಕಾಯುವ ಹುಡುಗಿ ಇದ್ದಳು. ಆ ವರ್ಷ ಯೂನಿವರ್ಸಿಟಿಯ ಐಸ್ ಹಾಕಿ ಟೀಮಿಗೆ ಹೊಸದಾಗಿ ಸೇರಿದವಳು. ಅವತ್ತು ಅವಳ ಮೇಲೆ ಗೋಲಿನ ಮೇಲೆ ಗೋಲು ಬಿದ್ದವು. ಪ್ರತಿ ಸಲವೂ ಅವಳು ನೀರು ಕುಡಿದು, ಮತ್ತೆ ಬಾಗಿ ನಿಲ್ಲುತ್ತಿದ್ದಳು. ಮ್ಯಾಚು ಮುಗಿದ ಮೇಲೆ ಓಣಿಯಂಥ ಆ ಕಾರಿಡಾರಿನಲ್ಲಿ ಒಬ್ಬಳೇ ಗೋಡೆಗೊರಗಿ ಕೂತಿದ್ದಳಂತೆ. ಕಾಕೂ ಹೋಗಿ ಕೋಸಂಬರಿ ಡಬ್ಬಿಯನ್ನೇ ಅವಳ ಕೈಗೆ ಕೊಟ್ಟರು, ಚಮಚದ ಸಮೇತ. ಹುಡುಗಿ ಪೂರ್ತಿ ತಿಂದಳು. ರಾಜ್ಯೋತ್ಸವದಲ್ಲಿ ಆ ವರ್ಷ ಕೋಸಂಬರಿ ಇರಲಿಲ್ಲ. ಕಾಕೂಗೆ ಒಂದು ಟೀಮು ಸಿಕ್ಕಿತು.

ಅಂದಿನಿಂದ ಪ್ರತಿ ಮ್ಯಾಚಿನ ಮೊದಲು ಆ ಹುಡುಗಿ ಕಾಕೂ ಕೂತ ಜಾಗಕ್ಕೆ ಬಂದು ಕೋಲಿನಿಂದ ಗಾಜನ್ನು ಟಕಟಕ ತಟ್ಟಿ ಹೋಗುತ್ತಿದ್ದಳು. ಇಬ್ಬರ ಮಧ್ಯೆ ಅಷ್ಟೇ ಮಾತುಕತೆ.

ನಾನು ಮೊದಲ ಸಲ ಹೋದ ಆ ದಿನ ಆಟ ಶುರುವಾದ ಸ್ವಲ್ಪ ಹೊತ್ತಿಗೆ ಕಾಕೂ, "ಏನಾಗ್ಲಿಕತ್ತದ, ಹೇಳು" ಅಂದರು.

"ನನಗೇನೂ ಗೊತ್ತಾಗ್ತಿಲ್ಲ ಕಾಕೂ. ಆ ಕರೀ ಬಿಲ್ಲೆ ಎಲ್ಲಿ ಹೋಗ್ತಿದೆ ಅಂತಾನೇ ಕಾಣ್ತಿಲ್ಲ."

"ನಿನಗೂ ಕಾಣವಲ್ದೇನು?"

'ನಿನಗೂ' ಅಂದದ್ದಕ್ಕೆ ನಾನು ಅವರ ಕಡೆ ತಿರುಗಿದೆ. ಆಮೇಲೆ ಅವರೇ ಹೇಳಿದರು, ರೋಗಿಯ ಕಡೆಯವರಿಗೆ ಡಾಕ್ಟರು ಹೇಳುವ ಹಾಗೆ, ಶಾಂತವಾಗಿ. "ಕಣ್ಣಿನ ನಡುವಿನ ಭಾಗ ಹೋಗ್ಲಿಕತ್ತದ. ಅಂಚು ಉಳದದ. ನಿನ್ನ ಮಾರಿ ನೋಡಿದ್ರ ಎರಡೂ ಕಿವಿ ಕಾಣ್ತಾವ, ಮೂಗು ಇಲ್ಲ."

"ನನ್ನ ಮೂಗು ಕಾಣದಿದ್ರೆ ನಿಮಗೇನೂ ನಷ್ಟ ಇಲ್ಲ ಬಿಡಿ ಕಾಕೂ."

"ಮಂಗ್ಯಾ" ಎಂದು ನಕ್ಕರು. ಆಮೇಲೆ ಅಸಲು ವಿಷಯಕ್ಕೆ ಬಂದರು. ನ್ಯೂಮಾರ್ಕೆಟ್ಟಿನಲ್ಲಿದ್ದ ಮಗನಿಗೆ ಇದು ಗೊತ್ತಿರಲಿಲ್ಲ. ರಸ್ತೆಯಲ್ಲಿ ಐಸಿರುತ್ತದೆ, ಅದಕ್ಕೇ ಗಾಡಿ ಹೊಡೆಯಲು ಹುಡುಗನನ್ನು ಇಟ್ಟುಕೊಂಡಿದ್ದೇನೆ ಎಂದು ಅವನಿಗೆ ಹೇಳಿದ್ದರು. ಗೊತ್ತಾದರೆ ಅವನು ಅವತ್ತೇ ಬಂದು ಕರೆದುಕೊಂಡು ಹೋಗುತ್ತಾನೆ. ಅವನು ಕೆಟ್ಟವನಲ್ಲ, ಒಳ್ಳೆಯವನಾದದ್ದರಿಂದಲೇ ಕರೆದುಕೊಂಡು ಹೋಗುತ್ತಾನೆ. ಅಲ್ಲಿಂದ ಈ ರಿಂಕು ಬಹಳ ದೂರ. ಗೋಲಿ, ಅಂದರೆ ಗೋಲು ಕಾಯುವ ಆ ಹುಡುಗಿಯ ಓದು ಮುಗಿಯಲು ಇದು ಮತ್ತು ಮುಂದಿನದು, ಎರಡೇ ಸೀಸನ್ನು ಉಳಿದಿದ್ದವು.

"ಆ ಹುಡುಗಿ ಮುಗಸೂತನಕ ನಾ ಇಲ್ಲೇ ಕೂಡಬೇಕು. ಆಮ್ಯಾಲೆ ಅಂವಾ ಎಲ್ಲಿಗಂತಾನ ಅಲ್ಲಿಗೆ. ನೀ ನನಗ ಕಣ್ಣಾಗಬೇಕು, ತಿಳೀತೇನು?"

ಹೀಗೆ ಇಡೀ ಪ್ರಾಂತ್ಯದಲ್ಲಿ ಹಾಕಿಯ ಬಗ್ಗೆ ಅತಿ ಕಡಿಮೆ ತಿಳಿದಿದ್ದ ಮನುಷ್ಯ ಕಾಮೆಂಟೇಟರ್ ಆದ. ನನಗೆ ಗೊತ್ತಿದ್ದದ್ದು ಕ್ರಿಕೆಟ್ ಒಂದೇ. "ಬೌಂಡರಿ ಕಡೆ ಹೋಗ್ತಿದೆ, ಒಳ್ಳೇ ಫೀಲ್ಡಿಂಗ್" ಎಂದೆಲ್ಲ ಹೇಳುತ್ತಿದ್ದೆ. ಒಂದು ಮ್ಯಾಚಿನಲ್ಲಿ ನಮ್ಮ ಹುಡುಗಿಯೊಬ್ಬಳನ್ನು ತಪ್ಪು ಆಟಕ್ಕಾಗಿ ಪೆನಾಲ್ಟಿ ಕೊಟ್ಟು ಗಾಜಿನ ಗೂಡಿನಲ್ಲಿ ಕೂರಿಸಿದರು. ನಾನು "ಪಾಪ, ಯಾರಿಗೋ ಹುಷಾರಿಲ್ಲ ಅನ್ಸತ್ತೆ ಕಾಕೂ, ಕೂರ್ಸಿ ರೆಸ್ಟ್ ಕೊಟ್ಟಿದಾರೆ" ಅಂದೆ. ಕಾಕೂ ಒಳಗಿನ ಡಾಕ್ಟರು ಎಚ್ಚರವಾಗಿ, ಉಸಿರಾಟ ಹ್ಯಾಂಗದ, ಮುಖ ಬಿಳಿಚೇದೇನು ಎಂದು ವಿಚಾರಿಸತೊಡಗಿದರು. ಆ ಹುಡುಗಿ ಗೂಡಿನಿಂದ ಹೊರಗೆ ಹಾರಿ ಎದುರಾಳಿಯನ್ನು ಗೋಡೆಗೆ ಒತ್ತಿದ್ದನ್ನು ಹೇಳಿದಾಗ, "ಭಾಳ ಲಗು ಆರಾಮಾದಳಲ್ಲೋ" ಅಂದರು. ತಪ್ಪು ಹೇಳಿದರೆ ಮೊಣಕೈಯಿಂದ ತಿವಿತ, ಸರಿ ಹೇಳಿದರೆ ಬೊಗಸೆ ಚುರುಮುರಿ. ಮೊದಲ ತಿಂಗಳು ನಾನು ಉಪವಾಸವೇ ಇದ್ದೆ ಅನ್ನಬಹುದು. ಆದರೆ ನಿಧಾನವಾಗಿ ಆ ಬಿಲ್ಲೆ ನನಗೂ ಕಾಣತೊಡಗಿತು. ಅದನ್ನು ನೋಡಬಾರದು, ಹುಡುಗಿಯರ ಭುಜ ನೋಡಬೇಕು, ಭುಜ ಹೋದ ಕಡೆ ಅದು ಹೋಗುತ್ತದೆ ಎಂದು ಒಂದು ಕಾಲಕ್ಕೆ ಕಣ್ಣಿದ್ದ ಕಾಕೂವೇ ಕಲಿಸಿದರು.

ಆಮೇಲೆ ನನಗೂ ಹುಚ್ಚು ಹತ್ತಿತು. ಟೀಮಿನ ಹಳದಿ ಕೆಂಪು ಹೂಡಿ ಹಾಕಿಕೊಂಡು ಊರಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಮ್ಮ ಅದರ ಮೇಲಿನ ಯೂನಿವರ್ಸಿಟಿ ಹೆಸರು ಓದಿ, ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ತಿದ್ದಲು ನನಗೆ ಧೈರ್ಯ ಬರಲಿಲ್ಲ. ಒಂದು ಸಲ ಮ್ಯಾಚಿನ ನಡುವೆ ಪಕ್ಕದ ಹುಡುಗ ನನ್ನ ಹೂಡಿ ನೋಡಿ ನೀನು ಯಾವ ಪ್ರೋಗ್ರಾಮ್ ಎಂದು ಕೇಳಿದ. ನಾನು ತಡವರಿಸಿ "ನ್ಯೂಕ್ಲಿಯರ್" ಅಂದುಬಿಟ್ಟೆ. ಅವನೂ ನ್ಯೂಕ್ಲಿಯರ್. ಯಾವ ಪ್ರೊಫೆಸರು, ಯಾವ ಲ್ಯಾಬು ಎಂದು ಶುರುಮಾಡಿದ. ನಾನು ಪಾಪ್‌ಕಾರ್ನ್ ಗಂಟಲಿಗೆ ಸಿಕ್ಕಿಸಿಕೊಂಡವನ ಹಾಗೆ ಕೆಮ್ಮಿ ಪಾರಾದೆ. ವಾಪಸು ಬರುವಾಗ ಗಾಡಿಯಲ್ಲಿ ಕಾಕೂ ಹೇಳಿದರು:

"ಸುಳ್ಳ್ಯಾಕ ಹೇಳ್ದೀ? ನಾ ಇಲ್ಲೆ ಓದಿಲ್ಲ ಅನ್ನಬೇಕಿತ್ತು. ಚಪ್ಪಾಳಿ ಹೊಡೀಲಿಕ್ಕೂ ಡಿಗ್ರಿ ಬೇಕೇನು? ಅವರೇನು ಓದೂವರು, ಇರೂದs ಅಲ್ಲೆ. ನಾವು ಆರಿಸಿಕೊಂಡು ಬಂದವರು."

ಎರಡನೆಯ ಚಳಿಗಾಲವೂ ಹೀಗೇ ಕಳೆಯಿತು. ಗೋಲಿ ಹುಡುಗಿಯ ಕೊನೆಯ ಮ್ಯಾಚಿಗೆ ಮೂರೇ ದಿನ ಇದ್ದಾಗ ಮಗ ಫೋನ್ ಮಾಡಿ, ತಾನೂ ಬರುತ್ತೇನೆ ಅಂದ. ಹಿಂದಿನ ಭಾನುವಾರ ಅವನ ಮುಂದೆಯೇ ಕಾಕೂ ಚಹಾವನ್ನು ಕಪ್ಪಿನ ಪಕ್ಕಕ್ಕೆ ಸುರಿದಿದ್ದರು. ಲಕ್ಷ್ಯ ಇರಲಿಲ್ಲ ಎಂದು ನಕ್ಕಿದ್ದರು. ಅವನು ನಕ್ಕಿರಲಿಲ್ಲ.

"ಅಂವಾ ಬಂದ್ರ ನೀ ಮಾತಾಡಂಗಿಲ್ಲ" ಅಂದರು ಕಾಕೂ. ಅವನು ಇಲ್ಲೇ ಹುಟ್ಟಿದವನು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಿದ್ದ. ಪಿಸುಗುಟ್ಟಿದರೂ ಸಿಕ್ಕಿಬೀಳುತ್ತಿದ್ದೆವು. ಅಡಿಗೆಮನೆಯಲ್ಲಿ ಚುರುಮುರಿಗೆ ಒಗ್ಗರಣೆ ಹಾಕುತ್ತಾ ಕಾಕೂಗೆ ಉಪಾಯ ಹೊಳೆಯಿತು. ನಾನು ಅವರ ಅಂಗೈಗೆ ತಿನ್ನಲು ಕೊಡುತ್ತಾ ಇರಬೇಕು. ಆ ಕರೀ ಬಿಲ್ಲೆ, ಪಕ್, ನಮ್ಮವರ ಹತ್ತಿರವಿದ್ದರೆ ಚುರುಮುರಿ, ಅವರ ಹತ್ತಿರವಿದ್ದರೆ ಪುಟಾಣಿ, ಅಂದರೆ ನಮ್ಮ ಕಡೆಯ ಹುರಿಗಡಲೆ. ನಾವು ಗೋಲು ಹೊಡೆದರೆ ಶೇಂಗಾ. ಅವರು ಹೊಡೆದರೆ ಕರಿದ ಹಸಿಮೆಣಸಿನಕಾಯಿ ಚೂರು. ಕಾಕೂ ಕೂತು ಚುರುಮುರಿಯಿಂದ ಶೇಂಗಾ, ಪುಟಾಣಿ, ಮೆಣಸಿನಕಾಯಿಗಳನ್ನು ಬೇರೆಬೇರೆ ಮಾಡಿದರು. ಕಣ್ಣು ಬೇಕಾಗಲೇ ಇಲ್ಲ, ಬೆರಳೇ ಸಾಕಾಯಿತು. ನನ್ನ ಜಾಕೆಟ್ಟಿಗೆ ನಾಲ್ಕು ಜೇಬು ಯಾಕಿದ್ದವು ಎಂದು ಅವತ್ತು ತಿಳಿಯಿತು.

ಮ್ಯಾಚಿನ ದಿನ ಕಾಕೂ ನಡುವೆ, ಆ ಕಡೆ ಮಗ, ಈ ಕಡೆ ನಾಲ್ಕು ಜೇಬಿನ ನಾನು. ಗೋಲಿ ಹುಡುಗಿ ಬಂದು ಗಾಜು ತಟ್ಟಿದಳು. ಮಗ ತಾಯಿಯ ಮುಖ ನೋಡಿದ.

"ಶಿ ನೋಸ್ ಯೂ?"

"ಐದು ವರ್ಷದ ಗುರ್ತು."

ಮೂರು ಭಾಗದ ಆಟದಲ್ಲಿ ಮೊದಲ ಎರಡು ಭಾಗ ನಮ್ಮ ಏರ್ಪಾಡು ಚೆನ್ನಾಗಿಯೇ ನಡೆಯಿತು. ಪಕ್ ಅತ್ತಿಂದಿತ್ತ ಹಾರುವ ವೇಗಕ್ಕೆ ನಾನು ಬಡಿಸುತ್ತಿದ್ದೆ, ಸಂಶಯ ಬರಬಾರದೆಂದು ಕೊಟ್ಟದ್ದನ್ನೆಲ್ಲ ಕಾಕೂ ತಿನ್ನುತ್ತಿದ್ದರು. ಮದುವೆ ಮನೆಯಲ್ಲೂ ಯಾರೂ ಅಷ್ಟು ಉಪಚಾರ ಮಾಡಿರಲಿಕ್ಕಿಲ್ಲ. ಎದುರಾಳಿಗಳು ಒಂದು ಗೋಲು ಹೊಡೆದರು. ಕಾಕೂ ಮೆಣಸಿನಕಾಯಿಯನ್ನು ಕಣ್ಣು ಮಿಟುಕಿಸದೆ ಅಗಿದು ನುಂಗಿದರು, ಮೂಗು ಕೆಂಪಾಯಿತು. ಮಗ ನೀರಿನ ಬಾಟಲಿ ಕೊಟ್ಟು, "ಮಾಮ್, ವೈ ಆರ್ ಯೂ ಈಟಿಂಗ್ ಸೋ ಮಚ್?" ಅಂದ. ಆಮೇಲೆ ನಾವೂ ಒಂದು ಹೊಡೆದೆವು. ಶೇಂಗಾ ಅಂಗೈಗೆ ಬಿದ್ದದ್ದೇ ಕಾಕೂ ಎದ್ದು ನಿಂತು ಚಪ್ಪಾಳೆ ಹೊಡೆದರು, ಎಲ್ಲರಿಗಿಂತ ಅರ್ಧ ಕ್ಷಣ ತಡವಾಗಿ. ಮಗನ ಹುಬ್ಬು ಇಳಿಯಿತು. ತಾಯಿಗೆ ಕಾಣುತ್ತದೆ ಎಂದು ಅವನಿಗೆ ನಂಬಿಕೆ ಬಂದಂತಿತ್ತು.

ಕೊನೆಯ ಭಾಗಕ್ಕೆ ಮೊದಲು ಬಿಡುವು. ಐಸು ನಯಮಾಡುವ ಗಾಡಿ ನಿಧಾನವಾಗಿ ಸುತ್ತು ಹಾಕುತ್ತಿತ್ತು. ಅದನ್ನೇ ನೋಡುತ್ತಾ ಮಗ, ನನಗೆ ಹೇಳುವ ಹಾಗೆ, ತಮಾಷೆಯ ದನಿಯಲ್ಲೇ ಹೇಳಿದ. ತಾನೂ ಚಿಕ್ಕಂದಿನಲ್ಲಿ ಒಂಬತ್ತು ವರ್ಷ ಹಾಕಿ ಆಡಿದವನು, ಪ್ರತಿ ಶನಿವಾರ ಅಪ್ಪನೇ ಕರೆದುಕೊಂಡು ಹೋಗುತ್ತಿದ್ದದ್ದು.

"ಫನ್ನಿ, ರೈಟ್? ಶಿ ನೆವರ್ ಕೇಮ್ ಟು ಒನ್ ಆಫ್ ಮೈನ್."

ಕಾಕೂಗೆ ಕೇಳಿಸಿತ್ತು. ಹೊರಗಿನಿಂದ ಬಂದ ಹೊಸ ಡಾಕ್ಟರುಗಳಿಗೇ ಶನಿವಾರ ಭಾನುವಾರದ ಡ್ಯೂಟಿ ಹಾಕುತ್ತಿದ್ದರು ಎಂದು ನನಗೆ ಒಮ್ಮೆ ಹೇಳಿದ್ದರು. ಹೊಸಬರಾಗಿದ್ದದ್ದು ಮುಗಿಯುವ ಹೊತ್ತಿಗೆ ಮಗ ಹಾಕಿ ಬಿಟ್ಟಿದ್ದ. ಅವತ್ತು ಕೌದಿಯ ಅಂಚನ್ನು ಎಳೆದು ಮೊಣಕಾಲ ಮೇಲೆ ಸರಿಮಾಡಿಕೊಂಡರು... ಮತ್ತೆ ಸರಿಮಾಡಿಕೊಂಡರು.

ಇಂಥ ಹೊತ್ತಿನಲ್ಲಿ ಎಲ್ಲಿ ನೋಡಬೇಕೆಂದು ನನಗೆ ಯಾವತ್ತೂ ತಿಳಿಯುವುದಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಎರಡೂ ಕೈಯಿಂದ ಗಟ್ಟಿಯಾಗಿ ಕಣ್ಣುಜ್ಜಿಕೊಂಡೆ. ಚಳಿಗೆ ಮೆಣಸಿನಕಾಯಿ ಜೇಬಿನಲ್ಲಿಟ್ಟುಕೊಂಡಿದ್ದ ಕೈ.

ಆಟ ಮತ್ತೆ ಶುರುವಾದಾಗ ನನ್ನ ಮುಂದೆ ಐಸೂ ಇರಲಿಲ್ಲ, ಹುಡುಗಿಯರೂ ಇರಲಿಲ್ಲ, ಬರೀ ಬೆಂಕಿ. ಮೂಗಿನಿಂದ, ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣಿಲ್ಲದವರಿಗೆ ಕಣ್ಣಾಗಲು ಬಂದವನು ತಾನೇ ಕುರುಡನಾಗಿ ಕೂತಿದ್ದೆ. ಕಾಕೂ ಅಂಗೈ ನನ್ನ ಮುಂದೆ ಚಾಚಿಕೊಂಡೇ ಇತ್ತು. ಏನಾದರೂ ಕೊಡಬೇಕಲ್ಲ, ಅಂದಾಜಿನ ಮೇಲೆ ಚುರುಮುರಿ, ಪುಟಾಣಿ, ಚುರುಮುರಿ ಎಂದು ಹಾಕುತ್ತಾ ಹೋದೆ. ಆಗ ಒಮ್ಮೆಲೇ ದೊಡ್ಡ ಗದ್ದಲ ಎದ್ದಿತು. ಗೋಲು, ಸಂಶಯವಿಲ್ಲ. ನಮ್ಮ ಊರು, ನಮ್ಮ ರಿಂಕು, ಇಷ್ಟು ಗದ್ದಲ ನಮ್ಮದಲ್ಲದೆ ಇನ್ನ್ಯಾರದು? ಶೇಂಗಾ ಹಾಕಿದೆ.

ಕಾಕೂ ಕೌದಿಯ ಸಮೇತ ಎದ್ದರು. ಎರಡೂ ಕೈ ಮೇಲೆತ್ತಿ, "ಹೊಡದ್ವಿ ನೋಡು, ಹೊಡದ್ವಿ" ಎಂದು ಕೂಗಿದರು. ಕೂಗಿದ ಮೇಲೆ ಗೊತ್ತಾಯಿತು, ನಮ್ಮ ಸುತ್ತ ಯಾರೂ ಉಸಿರೂ ಬಿಡುತ್ತಿಲ್ಲ. ಗದ್ದಲ ಬರುತ್ತಿದ್ದದ್ದು ಎದುರಿನ ಮೂಲೆಯಿಂದ, ಬಸ್ಸು ಮಾಡಿಕೊಂಡು ಗಂಟೆ ಬಾರಿಸುತ್ತಾ ಬಂದಿದ್ದ ಆ ಕಡೆಯ ಹುಡುಗಿಯರ ಅಪ್ಪ ಅಮ್ಮಂದಿರಿಂದ.

"ಮಾಮ್. ದಟ್ ವಾಸ್ ದೇರ್ಸ್."

ಕಾಕೂ ನಿಧಾನವಾಗಿ ಕೂತರು. ಅಂಗೈಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡು, ಮಗನಿದ್ದಾನೆಂಬುದನ್ನೇ ಮರೆತು ನನ್ನ ಕಡೆ ತಿರುಗಿದರು.

"ಶೇಂಗಾ ಕೊಟ್ಟಿ ಅಲ್ಲೋ?"

"ನನಗೇನೂ ಕಾಣ್ತಿಲ್ಲ ಕಾಕೂ. ಕಣ್ಣಿಗೆ ಮೆಣಸಿನಕಾಯಿ ಹೋಗಿದೆ."

ಮಗ ನನ್ನ ಜೇಬು ನೋಡಿದನೋ, ತಾಯಿಯ ಅಂಗೈ ನೋಡಿದನೋ, ನಾನು ಕಾಣೆ. ಅವನ ದನಿ ಮಾತ್ರ ಬಂತು. "ಹೌ ಲಾಂಗ್, ಮಾಮ್?"

"ಎರಡು ಚಳಿಗಾಲ."

"ಯೂ ಕಾಂಟ್ ಸೀ ಎನಿಥಿಂಗ್?"

"ಅಂಚು ಕಾಣ್ತದ. ನಡುವಿಂದು ಇಂವಾ ಹೇಳ್ತಾನ." ಸ್ವಲ್ಪ ತಡೆದು ಅಂದರು, "ಇವತ್ತೊಂದು ಆಗ್ಲಿ ಬಾಳಾ. ಇವತ್ತು ಆಕೀದು ಮುಗೀತದ. ಆಮ್ಯಾಲೆ ನೀ ಹೇಳಿದಂಗ."

ಕಾಕೂವಿನ ಆಚೆಯಿಂದ ನೀರಿನ ಬಾಟಲಿ ನನ್ನ ಮಡಿಲಿಗೆ ಬಂದು ಬಿತ್ತು. ನಾನು ಕಣ್ಣು ತೊಳೆದುಕೊಳ್ಳುವ ಹೆಸರಿನಲ್ಲಿ ಜುಳುಜುಳು ಸದ್ದು ಮಾಡುತ್ತಾ, ಈಗ ಎದ್ದು ಹೋಗುತ್ತಾನೆ, ಈಗ ಎದ್ದು ಹೋಗುತ್ತಾನೆ ಎಂದು ಕಾಯುತ್ತಿದ್ದೆ. ಆಗ ಕೇಳಿಸಿತು. ಮೊದಲು ನನಗೆ ಅದು ಯಾರ ದನಿಯೆಂದೇ ತಿಳಿಯಲಿಲ್ಲ.

"ಅವ್ವಾ... ಈಗ ಪಕ್ ನಮ್ದು ಕಡೆ ಇದೆ. ಹನ್ನೆರಡು ನಂಬರ್ ಹುಡುಗಿ ತಗೊಂಡು ಹೋಗ್ತಾಳೆ... ಬಿದ್ದಳು. ಎದ್ದಳು. ಗೋಲಿ ಹುಡುಗಿ ನಿನ್ನ ನೋಡ್ತಾ ಇದಾಳೆ, ಅವ್ವಾ. ನೀನು ಅವರ್ದು ಗೋಲಿಗೆ ಕೂಗಿದ್ದು ನೋಡಿ ನಗ್ತಾ ಇದಾಳೆ."

ತಪ್ಪುತಪ್ಪಾದ, ಮೂವತ್ತು ವರ್ಷ ಬಳಸದೆ ತುಕ್ಕು ಹಿಡಿದ ಕನ್ನಡ. ಆದರೆ ಆಟ ತಿಳಿದವನ ಕಾಮೆಂಟರಿ ಏನೆಂದು ನನಗೆ ಅವತ್ತೇ ತಿಳಿದದ್ದು. ಯಾರು ಎಲ್ಲಿ ನಿಂತಿದ್ದಾರೆ, ಯಾರು ಎಲ್ಲಿಗೆ ಹೋಗಬೇಕಿತ್ತು, ಮುಂದೆ ಏನಾಗಲಿದೆ, ಎಲ್ಲವನ್ನೂ ಹೇಳುತ್ತಾ ಹೋದ. ಕಾಕೂ ಅಂಗೈ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. ಇನ್ನು ಅದರ ಕೆಲಸವಿರಲಿಲ್ಲ.

ಒಂದು ಗೋಲಿನಿಂದ ಸೋತೆವು. ನನ್ನ ಒಂದು ಕಣ್ಣು ಅಷ್ಟು ಹೊತ್ತಿಗೆ ತೆರೆದಿತ್ತು. ಗೋಲಿ ಹುಡುಗಿ ನೆಟ್ಟಗೆ ನಮ್ಮ ಕಡೆ ಬಂದಳು. ಮುಖವಾಡ ತೆಗೆದು, ದಪ್ಪ ಗ್ಲೌಸ್ ಕಳಚಿ, ಅಂಗೈಯನ್ನು ಗಾಜಿನ ಮೇಲಿಟ್ಟಳು. ಕಾಕೂ ಟಕಟಕ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದರು.

"ತಟ್ಟಲಿಲ್ಲಲ್ಲೋ ಇವತ್ತು."

"ಕೈ ಇಟ್ಟಿದಾಳೆ, ಅವ್ವಾ. ಗ್ಲಾಸ್ ಮೇಲೆ" ಎಂದು ಮಗ ತಾಯಿಯ ಕೈ ಹಿಡಿದೆತ್ತಿ ಆ ಕೈಯ ಎದುರಿಗೆ ಇಟ್ಟ. ಹುಡುಗಿ ಹೋದ ಮೇಲೆ ಗಾಜಿನ ಮೇಲೆ ಅರಿಶಿನದ ಐದು ಬೆರಳು ಉಳಿದಿದ್ದವು.

ವಾಪಸು ಬರುವಾಗ ಮಗನೇ ಗಾಡಿ ಹೊಡೆದ. ನಾನು ಹಿಂದೆ, ಒದ್ದೆ ಕರವಸ್ತ್ರದ ಜೊತೆ. ಹೈವೇ ಹತ್ತಿದ ಮೇಲೆ ಕಾಕೂ ಕೇಳಿದರು:

"ನೀ ಯಾವ ಜಾಗಾದಾಗ ಆಡತಿದ್ದಿ?"

"ಲೆಫ್ಟ್ ವಿಂಗ್."

"ಹೇಳು."

"ಏನು ಹೇಳ್ಲಿ?"

"ಮೊದಲನೇ ಮ್ಯಾಚಿಂದ ಹೇಳು. ಯಾರು ಹೊಡದ್ರು, ನೀ ಎಲ್ಲಿದ್ದಿ, ಎಲ್ಲಾ."

ಒಶಾವಾದಿಂದ ವಿಟ್ಬಿ ಎಷ್ಟು ದೂರ, ಹಾಡೊಂದು ಮುಗಿಯುವುದರೊಳಗೆ ಬಂದುಬಿಡುತ್ತದೆ. ಅವನು ನಮ್ಮ ಎಕ್ಸಿಟ್ ಬಿಟ್ಟು ಮುಂದೆ ಹೋದ. ಅದರ ಮುಂದಿನದನ್ನೂ ಬಿಟ್ಟ. ಹಿಂದಿನ ಸೀಟಿನಲ್ಲಿ ನನ್ನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಅದು ಮೆಣಸಿನಕಾಯಿಯದು. ಬೇಕಿದ್ದರೆ ಪ್ರಮಾಣ ಮಾಡುತ್ತೇನೆ.

ಆ ವಸಂತದಲ್ಲಿ ವಿಟ್ಬಿಯ ಮನೆ ಮಾರಾಟವಾಯಿತು, ಕಾಕೂ ನ್ಯೂಮಾರ್ಕೆಟ್ಟಿಗೆ ಹೋದರು. ನಾನು ಒಶಾವಾದಲ್ಲಿ ಇನ್ನೊಂದು ಬೇಸ್‌ಮೆಂಟು ಹಿಡಿದೆ. ಮುಂದಿನ ಸೀಸನ್ನಿಗೆ ಶನಿವಾರಗಳಂದು ರಿಂಕಿನಿಂದಲೇ ಫೋನಿನಲ್ಲಿ ಕಾಮೆಂಟರಿ ಕೊಡುತ್ತಿದ್ದೆ. ಗೋಲಿ ಹುಡುಗಿ ಹೋಗಿಬಿಟ್ಟಳಲ್ಲ ಕಾಕೂ, ಇನ್ನೂ ಯಾಕೆ ಎಂದರೆ, "ಟೀಮಂದ್ರ ಒಬ್ಬಾಕೀನs ಏನು?" ಎಂದು ಗದರಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಮಾತ್ರ ಅವರು ಬಿಡುವಿಲ್ಲದವರು. ಮೊಮ್ಮಗಳು ಹಾಕಿ ಶುರುಮಾಡಿದ್ದಳು, ಅವಳ ಆಟಕ್ಕೆ ಅಜ್ಜಿಯ ಕೌದಿ ಹೋಗುತ್ತಿತ್ತು, ಪಕ್ಕದಲ್ಲಿ ಕಾಮೆಂಟರಿಗೆ ಮಗ. "ನಿನ್ನಕಿಂತ ಛಲೋ ಹೇಳ್ತಾನ ಬಿಡು" ಎಂದು ಸಿಟ್ಟು ಬರಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಾಕೂ ನಂಬರಿನಿಂದ ಫೋನ್ ಬಂತು. ಬೇಸಿಗೆಯಲ್ಲಿ ಯಾವ ಮ್ಯಾಚು ಎಂದುಕೊಳ್ಳುತ್ತಾ ಎತ್ತಿದೆ. ಮಗನ ದನಿ. "ಅವ್ವ ಹೋದಳು" ಅಂದ. ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನೂ ಇಂಗ್ಲಿಷಿನಲ್ಲಿ ಏನೋ ಒಂದು ಹೇಳಿ ಮುಗಿಸುತ್ತಿದ್ದೆ... ಕನ್ನಡದಲ್ಲಿ ಹೇಳಿಬಿಟ್ಟ.

ನಿನ್ನೆ ಶನಿವಾರ. ಅದೇ ಜಾಕೆಟ್ಟು ಹಾಕಿಕೊಂಡು ರಿಂಕಿಗೆ ಹೋದೆ. ಕೌದಿಯಿಲ್ಲದ ಬೆಂಚು ಎಷ್ಟು ತಣ್ಣಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಗಾಜನ್ನು ಯಾವಾಗಲೋ ಒರೆಸಿಬಿಟ್ಟಿದ್ದಾರೆ. ಪಕ್ಕದ ಸೀಟಿಗೆ ಬಂದ ಹೊಸ ಹುಡುಗಿಯೊಬ್ಬಳು ನನ್ನ ಹೂಡಿ ನೋಡಿ ಯಾವ ಪ್ರೋಗ್ರಾಮ್ ಎಂದು ಕೇಳಿದಳು. ನಾನು ಇಲ್ಲಿ ಓದಿಲ್ಲ, ಇದು ನಮ್ಮ ಕಾಕೂ ಟೀಮು ಅಂದೆ. ಅವಳು ತಲೆಯಾಡಿಸಿ ಆಟದ ಕಡೆ ತಿರುಗಿದಳು. ನ್ಯೂಕ್ಲಿಯರ್‌ಗಿಂತ ಸುಲಭವಾಗಿತ್ತು.

ಎರಡನೆಯ ಭಾಗದಲ್ಲಿ ನಮ್ಮವರು ಗೋಲು ಹೊಡೆದರು. ಎಲ್ಲರೂ ಎದ್ದರು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಲೈನಿಂಗಿನ ತೂತಿನಲ್ಲಿ ಬೆರಳು ತೂರಿಸಿ ಅಂಚಿನ ಆ ಗಟ್ಟಿ ಕಾಳನ್ನು ಮೇಲೆ ತಂದಿತು. ಶೇಂಗಾ. ಅದನ್ನು ಹಿಡಿದು ಪಕ್ಕಕ್ಕೆ ಚಾಚಿದೆ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದೆ, ಅಲ್ಲಿ ಅಂಗೈ ಇರಲಿಲ್ಲ.

ನಾನೇ ಬಾಯಿಗೆ ಹಾಕಿಕೊಂಡೆ. ಮುಗ್ಗಲು ಹಿಡಿದಿತ್ತು. ಅಗಿದು ನುಂಗಿದೆ.